ನಮ್ಮ ದುಡ್ಡು ಸಿಗುತ್ತದಾ? ಮುಖ್ಯ ಸಂಗತಿ ಸುದ್ದಿಯ ಮೊದಲ ಸಾಲಿಗೆ ಯಾಕೆ ಬರುವುದಿಲ್ಲ

2025ರ ಫೆಬ್ರವರಿ 13, ಗುರುವಾರ. ಮುಂಬೈಯ ನ್ಯೂ ಇಂಡಿಯಾ ಕೋ-ಆಪರೇಟಿವ್ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿತು. ಮರುದಿನ ಬೆಳಿಗ್ಗೆ ಶಾಖೆಗಳ ಮುಂದೆ ಜನ ಸೇರಿದರು. ಬಂದವರೆಲ್ಲ ಕೇಳಿದ್ದು ಒಂದೇ ಮಾತು: ನಮ್ಮ ದುಡ್ಡು ಸಿಗುತ್ತದಾ, ಇಲ್ವಾ?

ಈ ಪ್ರಶ್ನೆಗೆ ಉತ್ತರ ಹಿಂದಿನ ದಿನದ ಪ್ರಕಟಣೆಯಲ್ಲೇ ಇತ್ತು. ಸುದ್ದಿಯೂ ಎಲ್ಲ ಕಡೆ ಬಂದಿತ್ತು. ಹಾಗಿದ್ದೂ ಜನರಿಗೆ ಗೊತ್ತಾಗಿರಲಿಲ್ಲ. ಕೆಲವರು ಬ್ಯಾಂಕ್ ಮುಳುಗಿತು ಅಂದುಕೊಂಡರು, ಕೆಲವರು ಲೈಸೆನ್ಸ್ ಹೋಯಿತು ಅಂದುಕೊಂಡರು. ಮುಂಬೈ ಕನ್ನಡಿಗರಲ್ಲಿ ಸಹಕಾರಿ ಬ್ಯಾಂಕಿನ ನಂಟು ಹಳೆಯದು. ಹೋಟೆಲಿನ ಗಲ್ಲಾಪೆಟ್ಟಿಗೆಯ ಹಣ, ಮಗಳ ಮದುವೆಗೆ ಇಟ್ಟ ಎಫ್‌ಡಿ, ನಿವೃತ್ತಿಯ ಗಂಟು, ಎಷ್ಟೋ ಮನೆಗಳಲ್ಲಿ ಎಲ್ಲವೂ ಇಂಥ ಬ್ಯಾಂಕುಗಳಲ್ಲೇ ಇದೆ. ಹಾಗಾಗಿ ಇಂಥ ಸುದ್ದಿ ಬಂದಾಗೆಲ್ಲ ಊರಿನಿಂದಲೂ ಫೋನ್ ಬರುತ್ತದೆ, 'ನಿಮ್ಮದು ಯಾವ ಬ್ಯಾಂಕು?' ಅಂತ.

ಗೊಂದಲಕ್ಕೆ ಕಾರಣ ಮಾಹಿತಿ ಕಡಿಮೆಯಾದದ್ದು ಅಂತ ನಾವು ಅಂದುಕೊಳ್ಳುತ್ತೇವೆ. ಹೆಚ್ಚಿನ ಸಲ ಮಾಹಿತಿ ಇದ್ದೇ ಇರುತ್ತದೆ, ಇರಬೇಕಾದ ಜಾಗದಲ್ಲಿ ಇರುವುದಿಲ್ಲ ಅಷ್ಟೆ.

ಪ್ರಕಟಣೆಯ ಕ್ರಮವೇ ಬೇರೆ

ಇಂಥ ಸಂದರ್ಭದಲ್ಲಿ ರಿಸರ್ವ್ ಬ್ಯಾಂಕ್ ಕೊಡುವ ಪ್ರಕಟಣೆಗೆ ಒಂದು ಅಚ್ಚು ಇದೆ. ಮೊದಲು ಕಾನೂನು ಬರುತ್ತದೆ. 1949ರ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆ, ಸೆಕ್ಷನ್ 35ಎ, ಅದರ ಜೊತೆ ಸೆಕ್ಷನ್ 56. ಆಮೇಲೆ ಬ್ಯಾಂಕ್ ಏನೇನು ಮಾಡಬಾರದು ಎಂಬ ಉದ್ದನೆಯ ಪಟ್ಟಿ: ಹೊಸ ಸಾಲ ಕೊಡಬಾರದು, ಹಳೆಯದನ್ನು ನವೀಕರಿಸಬಾರದು, ಹೂಡಿಕೆ ಮಾಡಬಾರದು, ಹೊಸ ಠೇವಣಿ ತೆಗೆದುಕೊಳ್ಳಬಾರದು. ಇದೆಲ್ಲ ದಾಟಿದ ಮೇಲೆ, ಖಾತೆಯಿಂದ ಹಣ ತೆಗೆಯಬಹುದೋ ಇಲ್ಲವೋ ಎಂಬ ಮಾತು. ಇನ್ನೂ ಕೆಳಗೆ ಹೋದರೆ ಠೇವಣಿ ವಿಮೆ. ಅದಕ್ಕೂ ಕೆಳಗೆ, ಇದನ್ನು ಲೈಸೆನ್ಸ್ ರದ್ದು ಎಂದು ತಿಳಿಯಬಾರದು ಎಂಬ ಸಾಲು.

ಇದು ತಪ್ಪು ಅಂತ ಹೇಳುತ್ತಿಲ್ಲ. ಅದು ಕಾನೂನಿನ ಕಾಗದ. ನಾಳೆ ನ್ಯಾಯಾಲಯದಲ್ಲಿ ಯಾರಾದರೂ ಪ್ರಶ್ನೆ ಮಾಡಿದರೆ, ಯಾವ ಅಧಿಕಾರದಿಂದ ಈ ಆದೇಶ ಹೊರಟಿತು ಎಂಬುದೇ ಮೊದಲು ಬೇಕು. ಬರೆಯುವ ಅಧಿಕಾರಿಯ ಕಣ್ಣೆದುರು ಇರುವವರು ವಕೀಲರು. ಖಾತೆದಾರರ ಕ್ರಮ ಬೇರೆ. ಅವರಿಗೆ ಮೊದಲು ಬೇಕಾದದ್ದು: ಇವತ್ತು ಹಣ ತೆಗೆಯಬಹುದಾ? ಎರಡನೆಯದು: ಒಟ್ಟು ಹಣ ಹೋಯಿತಾ, ಉಳಿಯಿತಾ? ಮೂರನೆಯದು: ಎಷ್ಟು ದಿನ ಹೀಗೆ? ನಾಲ್ಕನೆಯದು: ಈಗ ನಾನು ಏನು ಮಾಡಬೇಕು? ಸೆಕ್ಷನ್ ಸಂಖ್ಯೆ ಇವರ ಪಟ್ಟಿಯಲ್ಲಿ ಕೊನೆಗೆ ಬರಬಹುದು, ಬರದೆಯೂ ಇರಬಹುದು.

ವರದಿಗಾರರ ಕೆಲಸ ಇರುವುದು ಈ ಎರಡು ಕ್ರಮಗಳ ನಡುವೆ. ಕಾಗದದಲ್ಲಿ ಇದ್ದದ್ದನ್ನು ಇದ್ದ ಕ್ರಮದಲ್ಲೇ ಕನ್ನಡಕ್ಕೆ ಇಳಿಸಿದರೆ ಒಂದೂ ತಪ್ಪಿರುವುದಿಲ್ಲ, ಆದರೆ ಓದಿದವರಿಗೆ ಏನೂ ದಕ್ಕುವುದಿಲ್ಲ. ಅದೇ ಸುದ್ದಿಯನ್ನು ಹೀಗೆ ಬರೆದಿದ್ದರೆ?

'ನ್ಯೂ ಇಂಡಿಯಾ ಕೋ-ಆಪರೇಟಿವ್ ಬ್ಯಾಂಕಿನ ಖಾತೆದಾರರು ಸದ್ಯಕ್ಕೆ ಹಣ ತೆಗೆಯುವಂತಿಲ್ಲ. ಬ್ಯಾಂಕಿನ ಲೈಸೆನ್ಸ್ ಉಳಿದಿದೆ. ಒಬ್ಬ ಖಾತೆದಾರರ 5 ಲಕ್ಷ ರೂಪಾಯಿವರೆಗಿನ ಠೇವಣಿಗೆ ವಿಮೆ ಇದೆ. ನಿರ್ಬಂಧ ಆರು ತಿಂಗಳು.'

ನಾಲ್ಕೇ ಸಾಲು. ಇದನ್ನು ಓದಿದವರಿಗೆ ಸಂಕಟ ಇರುತ್ತದೆ, ಗೊಂದಲ ಇರುವುದಿಲ್ಲ. 4 ಲಕ್ಷ ಇಟ್ಟವರು ಒಂದು ಲೆಕ್ಕ ಹಾಕುತ್ತಾರೆ, 12 ಲಕ್ಷ ಇಟ್ಟವರು ಇನ್ನೊಂದು ಲೆಕ್ಕ ಹಾಕುತ್ತಾರೆ. ಇದರ ಕೆಳಗೆ ವಿವರ ಎಷ್ಟು ಬೇಕಾದರೂ ಬರಲಿ. 5 ಲಕ್ಷ ಅಂದರೆ ಅಸಲು ಮತ್ತು ಬಡ್ಡಿ ಸೇರಿ. ಒಂದೇ ಬ್ಯಾಂಕಿನ ಬೇರೆ ಬೇರೆ ಶಾಖೆಗಳಲ್ಲಿ ಒಬ್ಬರದೇ ಹೆಸರಲ್ಲಿ ಇಟ್ಟದ್ದನ್ನೆಲ್ಲ ಒಟ್ಟಿಗೆ ಕೂಡಿಸುತ್ತಾರೆ. 2020ರ ಫೆಬ್ರವರಿಗೆ ಮೊದಲು ಈ ಮಿತಿ 1 ಲಕ್ಷ ಮಾತ್ರ ಇತ್ತು. 2021ರಲ್ಲಿ ಕಾನೂನಿಗೆ ತಿದ್ದುಪಡಿಯಾಗಿ, ಇಂಥ ನಿರ್ಬಂಧ ಬಿದ್ದರೆ 90 ದಿನಗಳೊಳಗೆ ವಿಮೆ ಹಣ ಕೊಡುವ ವ್ಯವಸ್ಥೆ ಬಂತು. 2019ರ ಸೆಪ್ಟೆಂಬರಿನಲ್ಲಿ ಮುಂಬೈಯದೇ ಇನ್ನೊಂದು ಸಹಕಾರಿ ಬ್ಯಾಂಕ್ ಆದ ಪಿಎಂಸಿಯ (ಪಂಜಾಬ್ ಅಂಡ್ ಮಹಾರಾಷ್ಟ್ರ ಕೋ-ಆಪರೇಟಿವ್) ಖಾತೆದಾರರಿಗೆ ಮೊದಲು 1,000 ರೂಪಾಯಿ ಮಾತ್ರ ತೆಗೆಯಲು ಬಿಟ್ಟಾಗ ಈ ಎರಡೂ ಇರಲಿಲ್ಲ. ಅಂದಿನ ಭಯ ಇಂದಿಗೂ ಜನರ ಮನಸ್ಸಲ್ಲಿದೆ. ಅದಕ್ಕೇ ವಿಮೆಯ ಮಾತು ಒಂಬತ್ತನೇ ಪ್ಯಾರಾದಲ್ಲಿ ಬಂದರೆ ಪ್ರಯೋಜನವಿಲ್ಲ, ಅಷ್ಟರೊಳಗೆ ಓದುಗರು ಬ್ಯಾಂಕಿನ ಬಾಗಿಲಿಗೆ ಹೊರಟಿರುತ್ತಾರೆ.

ಆ ಬ್ಯಾಂಕಿನ ವಿಷಯದಲ್ಲಿ ಮುಂದೆ ಆದದ್ದು ಇಷ್ಟು: ಫೆಬ್ರವರಿ 27ರಿಂದ ಒಬ್ಬರಿಗೆ 25,000 ರೂಪಾಯಿವರೆಗೆ ತೆಗೆಯಲು ಅನುಮತಿ ಸಿಕ್ಕಿತು. ಆಗಸ್ಟ್ 4ರಂದು ಬ್ಯಾಂಕ್ ಸಾರಸ್ವತ್ ಬ್ಯಾಂಕಿನಲ್ಲಿ ವಿಲೀನವಾಯಿತು.

ಕಾಗದ ಮತ್ತು ತಂತಿ

ಮುಖ್ಯವಾದದ್ದು ಮೇಲೆ, ಅದಕ್ಕಿಂತ ಕಡಿಮೆಯದು ಅದರ ಕೆಳಗೆ, ಬಿಟ್ಟರೂ ನಡೆಯುವಂಥದ್ದು ತಳದಲ್ಲಿ. ಪತ್ರಿಕೋದ್ಯಮದ ತರಗತಿಯಲ್ಲಿ ಇದಕ್ಕೆ ತಲೆಕೆಳಗಾದ ಪಿರಮಿಡ್ ಅನ್ನುತ್ತಾರೆ. ಅಗಲವಾದ ತಳ ಮೇಲಿದೆ, ಚೂಪಾದ ತುದಿ ಕೆಳಗಿದೆ ಎಂಬ ಚಿತ್ರ ಅದು.

ಇದು ಹುಟ್ಟಿದ ಬಗ್ಗೆ ಒಂದು ಜನಪ್ರಿಯ ಕತೆ ಇದೆ. ಅಮೆರಿಕದ ಅಂತರ್ಯುದ್ಧದ ಕಾಲ, 1861ರಿಂದ 65. ವರದಿ ತಂತಿಯಲ್ಲಿ, ಅಂದರೆ ಟೆಲಿಗ್ರಾಂ ಆಗಿ, ಹೋಗಬೇಕು. ಪದಕ್ಕೆ ಇಷ್ಟು ಅಂತ ದುಡ್ಡು. ತಂತಿ ಯಾವಾಗ ಕಡಿಯುತ್ತದೋ ಗೊತ್ತಿಲ್ಲ. ಹಾಗಾಗಿ ಗೆದ್ದವರು ಯಾರು, ಸತ್ತವರು ಎಷ್ಟು ಎಂಬುದನ್ನು ಮೊದಲು ಕಳಿಸಿ ಉಳಿದದ್ದನ್ನು ಆಮೇಲೆ ಕಳಿಸುತ್ತಿದ್ದರಂತೆ. 1865ರ ಏಪ್ರಿಲ್ 14ರ ರಾತ್ರಿ ವಾಷಿಂಗ್ಟನ್ನಿನ ಫೋರ್ಡ್ಸ್ ನಾಟಕಶಾಲೆಯಲ್ಲಿ ಅಬ್ರಹಾಂ ಲಿಂಕನ್ ಅವರ ಮೇಲೆ ಗುಂಡು ಹಾರಿದಾಗ ಅಸೋಸಿಯೇಟೆಡ್ ಪ್ರೆಸ್‌ನ ಲಾರೆನ್ಸ್ ಗೋಬ್ರೈಟ್ ಕಳಿಸಿದ ಮೊದಲ ತಂತಿಯಲ್ಲಿ ಇದ್ದದ್ದು ಇಷ್ಟೇ: ಅಧ್ಯಕ್ಷರಿಗೆ ಈ ರಾತ್ರಿ ನಾಟಕಶಾಲೆಯಲ್ಲಿ ಗುಂಡು ತಗುಲಿದೆ, ಬಹುಶಃ ಪ್ರಾಣಾಪಾಯವಿದೆ.

ಈ ಕ್ರಮ ತಂತಿಯಿಂದಲೇ ಹುಟ್ಟಿತು ಎಂಬುದನ್ನು ಎಲ್ಲ ಸಂಶೋಧಕರೂ ಒಪ್ಪುವುದಿಲ್ಲ. ಯುದ್ಧ ಖಾತೆಯ ಕಾರ್ಯದರ್ಶಿಯಾಗಿದ್ದ ಎಡ್ವಿನ್ ಸ್ಟ್ಯಾಂಟನ್ ಅವರ ಸರ್ಕಾರಿ ಟಿಪ್ಪಣಿಗಳ ಶೈಲಿಯೇ ಪತ್ರಿಕೆಗಳಿಗೆ ಮಾದರಿಯಾಯಿತು ಅಂತ ಒಂದು ವಾದ. ಯುದ್ಧ ಮುಗಿದ ಮೇಲೂ ಬಹಳ ವರ್ಷ ಪತ್ರಿಕೆಗಳು ಹಳೆಯ ಕತೆಯ ರೀತಿಯಲ್ಲೇ ಬರೆಯುತ್ತಿದ್ದವು, 1880ರ ನಂತರ ಓದುಗರಿಗೆ ಬೇಗ ಅರ್ಥವಾಗಲಿ ಅಂತಲೇ ಸಂಪಾದಕರು ಈ ಕ್ರಮಕ್ಕೆ ಬಂದರು ಅಂತ ಇನ್ನೊಂದು ವಾದ. 1894ರಲ್ಲಿ ಎಡ್ವಿನ್ ಶೂಮನ್ ಬರೆದ ಪತ್ರಿಕೋದ್ಯಮದ ಪಠ್ಯದಲ್ಲಿ ಈ ಕ್ರಮದ ವಿವರಣೆ ಇದೆ. ಎರಡನೆಯ ವಾದಕ್ಕೆ ಬಲ ಜಾಸ್ತಿ ಅನ್ನಿಸುತ್ತದೆ. ತಂತಿಯ ಖರ್ಚೇ ಕಾರಣವಾಗಿದ್ದರೆ, ತಂತಿ ಹೋದ ಮೇಲೆ ಈ ಕ್ರಮವೂ ಹೋಗಬೇಕಿತ್ತಲ್ಲ. ಅಚ್ಚುಕೂಟದಲ್ಲಿ ಮೊಳೆ ಜೋಡಿಸುವವರಿಗೂ ಇದರಿಂದ ಅನುಕೂಲವಾಗಿತ್ತು. ಪುಟದಲ್ಲಿ ಜಾಗ ಸಾಲದಿದ್ದರೆ ಕೆಳಗಿನ ಪ್ಯಾರಾ ಎತ್ತಿಹಾಕಿದರಾಯಿತು, ಮೇಲಿನದನ್ನು ಮುಟ್ಟಬೇಕಾಗಿಲ್ಲ.

ಮುಂಬೈಗೆ ಈ ಕ್ರಮ ಹೊಸದಲ್ಲ. ರಾಯಿಟರ್ಸ್ ಸಂಸ್ಥೆ 1866ರಲ್ಲೇ ಇಲ್ಲಿ ಕಚೇರಿ ತೆರೆಯಿತು. ಆದರೆ ನಮ್ಮವರಿಗೆ ಇದನ್ನು ಕಲಿಸಿದ್ದು ಯಾವ ಸುದ್ದಿ ಸಂಸ್ಥೆಯೂ ಅಲ್ಲ, ಅಂಚೆ ಕಚೇರಿ. ಊರಿನಿಂದ ಮುಂಬೈಗೆ ಎರಡು ಥರದ ಬರಹ ಬರುತ್ತಿತ್ತು. ಒಂದು ಕಾಗದ: 'ಉಭಯ ಕುಶಲೋಪರಿ ಸಾಂಪ್ರತ' ಎಂದು ಶುರುವಾಗಿ, ಮಳೆ, ಗದ್ದೆ, ನೆರೆಮನೆಯ ಮದುವೆ, ಹಸು ಕರು ಹಾಕಿದ್ದು ಎಲ್ಲ ಹೇಳಿ, ಕೊನೆಗೆ ಮೆಲ್ಲಗೆ 'ಅಪ್ಪನಿಗೆ ಮೈ ಸರಿಯಿಲ್ಲ, ಸ್ವಲ್ಪ ಹಣ ಕಳಿಸು' ಅನ್ನುವುದು. ಇನ್ನೊಂದು ತಂತಿ: 'ತಂದೆ ಗಂಭೀರ. ಕೂಡಲೇ ಹೊರಡು.' ಎರಡನ್ನೂ ಓದುತ್ತಿದ್ದವರು ಒಬ್ಬರೇ. ಕಾಗದವನ್ನು ರಾತ್ರಿ ಹೋಟೆಲ್ ಮುಚ್ಚಿದ ಮೇಲೆ ನಿಧಾನವಾಗಿ ಓದಬಹುದಿತ್ತು, ಅದರ ಸೊಗಸೇ ಆ ನಿಧಾನದಲ್ಲಿತ್ತು. ತಂತಿಯನ್ನು ನಿಂತಲ್ಲೇ ಓದಿ ಬಸ್ಸಿಗೆ ಓಡಬೇಕಿತ್ತು. 2013ರ ಜುಲೈಯಲ್ಲಿ ದೇಶದಲ್ಲಿ ತಂತಿ ಸೇವೆ ನಿಂತಿತು. ಆದರೆ ಎಂಥ ವಿಷಯಕ್ಕೆ ಕಾಗದ, ಎಂಥದ್ದಕ್ಕೆ ತಂತಿ ಎಂಬ ವಿವೇಚನೆ ಇವತ್ತಿನ ಸುದ್ದಿ ಬರೆಯುವವರಿಗೂ ಬೇಕು. ಈಗ ಆಗುತ್ತಿರುವ ಎಡವಟ್ಟು ಏನಂದರೆ, ತಂತಿ ಕೊಡಬೇಕಾದ ವಿಷಯವನ್ನು ಕಾಗದದ ಕ್ರಮದಲ್ಲಿ ಬರೆಯುತ್ತಿದ್ದೇವೆ.

ಕನ್ನಡದಲ್ಲಿ ಇನ್ನೊಂದು ತೊಡಕು

ಇಲ್ಲಿಯವರೆಗೆ ಹೇಳಿದ್ದು ಯಾವ ಭಾಷೆಗೂ ಒಪ್ಪುತ್ತದೆ. ಕನ್ನಡಕ್ಕೇ ಸೇರಿದ ಒಂದು ತೊಡಕಿದೆ, ಅದರ ಬಗ್ಗೆ ಮಾತು ಕಡಿಮೆ.

ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. 'ಇಲ್ಲ' ಅನ್ನುವುದೂ ಕೊನೆಗೇ ಬರುತ್ತದೆ. ಇಂಗ್ಲಿಷಿನಲ್ಲಿ ಯಾರು, ಏನು ಮಾಡಿದರು ಎಂಬುದು ವಾಕ್ಯದ ಆರಂಭದಲ್ಲೇ ಮುಗಿದು, ಎಲ್ಲಿ, ಯಾವಾಗ, ಯಾಕೆ ಎಂಬ ವಿವರ ಹಿಂದೆ ಹಿಂದೆ ಬರುತ್ತದೆ. ಅಲ್ಲಿ ಮೂವತ್ತು ಪದದ ಒಂದು ವಾಕ್ಯದಲ್ಲಿ ಇಡೀ ಸುದ್ದಿ ಕೂರಿಸಬಹುದು, ಅರ್ಧಕ್ಕೆ ನಿಲ್ಲಿಸಿದರೂ ಮುಖ್ಯವಾದದ್ದು ಸಿಕ್ಕಿರುತ್ತದೆ. ಅದೇ ವಾಕ್ಯವನ್ನು ಕನ್ನಡಕ್ಕೆ ತಂದಾಗ ವಿವರವೆಲ್ಲ ಮುಂದೆ ಬಂದು, ಆದದ್ದೇನು ಎಂಬುದು ಬಾಲಕ್ಕೆ ಹೋಗುತ್ತದೆ. ಮೇಲಿಂದ 'ಎಂದು ಪ್ರಕಟಣೆಯಲ್ಲಿ ತಿಳಿಸಲಾಗಿದೆ' ಬೇರೆ. ಅಂದರೆ ಇಂಗ್ಲಿಷಿನ ತಲೆಕೆಳಗಾದ ಪಿರಮಿಡ್ಡನ್ನು ವಾಕ್ಯ ವಾಕ್ಯವಾಗಿ ಅನುವಾದ ಮಾಡಿದರೆ ಕನ್ನಡದಲ್ಲಿ ಅದು ಮತ್ತೆ ನೆಟ್ಟಗೆ ನಿಂತುಬಿಡುತ್ತದೆ!

ಭಾನುವಾರದ ಮೆಗಾ ಬ್ಲಾಕ್, ಅಂದರೆ ದುರಸ್ತಿಗಾಗಿ ಲೋಕಲ್ ರೈಲಿನ ಹಳಿಯನ್ನು ಕೆಲವು ಗಂಟೆ ಬಂದ್ ಮಾಡುವ ಸುದ್ದಿಯನ್ನೇ ನೋಡೋಣ. ಮುಂಬೈಯಲ್ಲಿ ಇದು ಹೆಚ್ಚುಕಮ್ಮಿ ವಾರವಾರದ ಸುದ್ದಿ. ಮಾದರಿಗೆ ಒಂದನ್ನು ಹೀಗೆ ಕಟ್ಟಬಹುದು:

'ಹಳಿ ದುರಸ್ತಿ, ಸಿಗ್ನಲ್ ನಿರ್ವಹಣೆ ಮುಂತಾದ ವಿವಿಧ ತಾಂತ್ರಿಕ ಕಾಮಗಾರಿಗಳನ್ನು ಕೈಗೊಳ್ಳುವ ಸಲುವಾಗಿ ಮಧ್ಯ ರೈಲ್ವೆಯ ಮುಂಬೈ ವಿಭಾಗವು ಭಾನುವಾರದಂದು ಮಾಟುಂಗಾ ಮತ್ತು ಮುಲುಂಡ್ ನಿಲ್ದಾಣಗಳ ನಡುವಿನ ಅಪ್ ಮತ್ತು ಡೌನ್ ಫಾಸ್ಟ್ ಮಾರ್ಗಗಳಲ್ಲಿ ಬೆಳಿಗ್ಗೆ 11.05ರಿಂದ ಮಧ್ಯಾಹ್ನ 3.55ರವರೆಗೆ ಮೆಗಾ ಬ್ಲಾಕ್ ನಡೆಸಲಿದೆ ಎಂದು ಪ್ರಕಟಣೆಯಲ್ಲಿ ತಿಳಿಸಲಾಗಿದೆ.'

ವ್ಯಾಕರಣ ಸರಿಯಿದೆ, ಮಾಹಿತಿಯೂ ಇದೆ. ಆದರೆ ಡೊಂಬಿವಲಿಯಿಂದ ಮಾಟುಂಗಾದ ಮದುವೆಗೆ ಹೊರಟವರಿಗೆ ಇದರಲ್ಲಿ ಉತ್ತರ ಹುಡುಕಲು ಎರಡು ಸಲ ಓದಬೇಕು. ಇದನ್ನೇ ಕನ್ನಡದ ಜಾಯಮಾನಕ್ಕೆ ಒಗ್ಗಿಸಿದರೆ:

'ಭಾನುವಾರ ಹಗಲು ಮಾಟುಂಗಾ, ಮುಲುಂಡ್ ನಡುವೆ ಫಾಸ್ಟ್ ಲೈನ್ ಬಂದ್. ಬೆಳಿಗ್ಗೆ 11.05ರಿಂದ ಮಧ್ಯಾಹ್ನ 3.55ರವರೆಗೆ ಫಾಸ್ಟ್ ಲೋಕಲ್‌ಗಳು ಸ್ಲೋ ಲೈನಿನಲ್ಲಿ ಓಡುತ್ತವೆ. ಸುಮಾರು 15 ನಿಮಿಷ ತಡವಾಗಬಹುದು.'

ಒಂದು ವಾಕ್ಯ ಮೂರಾಯಿತು. ಕನ್ನಡದಲ್ಲಿ ಮುಖ್ಯವಾದದ್ದನ್ನು ಮೊದಲು ಹೇಳಬೇಕಾದರೆ ದಾರಿ ಇದೇ: ವಾಕ್ಯವನ್ನು ಮುರಿಯಬೇಕು. ವಾಕ್ಯ ಚಿಕ್ಕದಾದರೆ ಕ್ರಿಯಾಪದ ಬೇಗ ಬರುತ್ತದೆ, ಕ್ರಿಯಾಪದ ಬೇಗ ಬಂದರೆ ಏನಾಯಿತು ಎಂಬುದು ಬೇಗ ತಿಳಿಯುತ್ತದೆ. ಹಾರ್ಬರ್ ಲೈನಿನ ಬ್ಲಾಕ್ ಆದರೆ ಇನ್ನೊಂದು ಸಾಲು ಮೇಲೇ ಬರಬೇಕು. ಕುರ್ಲಾ, ವಾಶಿ ನಡುವೆ ರೈಲು ಇಲ್ಲ ಅಂದಮೇಲೆ ಠಾಣೆ ಮೂಲಕ ಹೋಗಬಹುದು ಎಂಬ ಮಾತು. ಬಂದ್ ಆದದ್ದರಷ್ಟೇ ಮುಖ್ಯ ಬದಲಿ ದಾರಿ. ಹೆಚ್ಚಿನ ವರದಿಗಳಲ್ಲಿ ಇದು ತಳದಲ್ಲಿರುತ್ತದೆ, 'ಅನಾನುಕೂಲಕ್ಕೆ ಸಹಕರಿಸಬೇಕು' ಎಂಬ ಮನವಿಯ ಪಕ್ಕ.

'ಇಲ್ಲ' ಕತ್ತರಿಸಿಹೋದರೆ

ಕ್ರಿಯಾಪದ ಕೊನೆಗೆ ಬರುವುದರಿಂದ ಆಗುವ ದೊಡ್ಡ ಅಪಾಯ ಮೊಬೈಲಿನಲ್ಲಿದೆ. ನೋಟಿಫಿಕೇಶನ್‌ನಲ್ಲಿ ಕಾಣುವುದು ಒಂದೆರಡು ಸಾಲು. ಕನ್ನಡದ ಅಕ್ಷರ ಅಗಲ, ಪದ ಉದ್ದ. ಹಾಗಾಗಿ ಕಾಣುವ ಪದಗಳ ಸಂಖ್ಯೆ ಇಂಗ್ಲಿಷಿಗಿಂತ ಕಡಿಮೆ. ಉಳಿದದ್ದು ಮೂರು ಚುಕ್ಕಿಯ ಹಿಂದೆ ಹೋಗುತ್ತದೆ.

ಈಗ ಈ ಸಾಲು ನೋಡಿ: 'ಮುಂಬೈಯ ಸಹಕಾರಿ ಬ್ಯಾಂಕಿನ ಪರವಾನಗಿ ರದ್ದಾಗಿದೆ ಎಂಬುದು ನಿಜವಲ್ಲ.' ಇದು ಧೈರ್ಯ ಹೇಳುವ ಸುದ್ದಿ. ಆದರೆ ಪರದೆಯ ಮೇಲೆ ಕಾಣುವುದು 'ಮುಂಬೈಯ ಸಹಕಾರಿ ಬ್ಯಾಂಕಿನ ಪರವಾನಗಿ ರದ್ದಾಗಿದೆ...' ಅಷ್ಟೇ. ಸುದ್ದಿ ಉಲ್ಟಾ ಆಯಿತು. ಯಾರೂ ಸುಳ್ಳು ಬರೆದಿಲ್ಲ, ಯಾರೂ ಮೋಸ ಮಾಡಿಲ್ಲ, ಸಾಲು ಅರ್ಧಕ್ಕೆ ನಿಂತದ್ದರಿಂದಲೇ ಹೀಗಾಯಿತು. ಇದನ್ನು ನೋಡಿದವರು ಫೋಟೋ ಹಿಡಿದು ಸಂಘದ ವಾಟ್ಸ್ಆ್ಯಪ್ ಗುಂಪಿಗೆ ಹಾಕುತ್ತಾರೆ. ಗುಂಪಿನಲ್ಲಿ ಇನ್ನೂರು ಜನ.

ತಪ್ಪಿಸುವುದು ಕಷ್ಟವಲ್ಲ. 'ಪರವಾನಗಿ ಉಳಿದಿದೆ' ಎಂದು ಶುರು ಮಾಡಬಹುದು. 'ಸುಳ್ಳು ಸುದ್ದಿ' ಎಂಬ ಎರಡು ಪದವನ್ನು ಎಲ್ಲಕ್ಕಿಂತ ಮುಂದೆ ಇಡಬಹುದು. ನಕಾರವನ್ನು ಸಾಲಿನ ಬಾಲದಲ್ಲಿ ಬಿಡದೆ, ಆಗಿರುವುದು ಏನೋ ಅದನ್ನು ನೇರವಾಗಿ ಹೇಳಿಬಿಡುವುದು. ಇಂಗ್ಲಿಷ್ ಪತ್ರಿಕೋದ್ಯಮದ ಪಾಠದಲ್ಲಿ ಈ ಎಚ್ಚರ ಸಿಗುವುದಿಲ್ಲ, ಯಾಕಂದರೆ ಅಲ್ಲಿ ಈ ತೊಂದರೆ ಇಷ್ಟಾಗಿ ಇಲ್ಲ. ಕನ್ನಡದ ಡೆಸ್ಕಿನಲ್ಲಿ, ಅಂದರೆ ಸುದ್ದಿ ತಿದ್ದುವ ವಿಭಾಗದಲ್ಲಿ, ಕೂತವರೇ ಇದನ್ನು ಕಂಡುಕೊಳ್ಳಬೇಕು.

ಶೀರ್ಷಿಕೆಯಲ್ಲಿ ಆದ ತಪ್ಪನ್ನು ಒಳಗಿನ ಪ್ಯಾರಾದಲ್ಲಿ ಸರಿಮಾಡಬಹುದು ಎಂಬ ನಂಬಿಕೆಯೂ ಅಷ್ಟು ಗಟ್ಟಿಯಲ್ಲ. ಆಸ್ಟ್ರೇಲಿಯಾದ ಉಲ್ರಿಚ್ ಎಕರ್ ಮತ್ತು ಜೊತೆಗಾರರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಾರಿ ತಪ್ಪಿಸುವ ಶೀರ್ಷಿಕೆ ಓದಿದವರು ಒಳಗಿನ ಲೇಖನ ಪೂರ್ತಿ ಓದಿದ ಮೇಲೂ ಶೀರ್ಷಿಕೆಯ ಕಡೆಗೇ ವಾಲಿದ್ದು ಕಂಡುಬಂತು. ಇನ್ನು ಒಳಗೆ ಹೋಗುವವರಾದರೂ ಎಷ್ಟು? ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯ ಮತ್ತು ಫ್ರಾನ್ಸಿನ ಸಂಶೋಧಕರು 2016ರಲ್ಲಿ ಟ್ವಿಟರಿನ ಸುದ್ದಿ ಕೊಂಡಿಗಳನ್ನು ಪರಿಶೀಲಿಸಿದಾಗ, ಹಂಚಿಕೊಂಡ ಕೊಂಡಿಗಳಲ್ಲಿ ಶೇ 59ರಷ್ಟನ್ನು ಯಾರೂ ಒತ್ತಿಯೇ ನೋಡಿರಲಿಲ್ಲ.

ಬೇಡ ಅನ್ನುವವರ ಮಾತು

ಎಲ್ಲವನ್ನೂ ಹೀಗೆ ಬರೆಯಬೇಕಾ ಎಂಬ ಪ್ರಶ್ನೆ ಹಳೆಯದು. ಎಲ್ಲ ಮೊದಲೇ ಹೇಳಿಬಿಟ್ಟರೆ ಓದುವ ಸುಖ ಏನುಳಿಯಿತು ಅನ್ನುತ್ತಾರೆ ಒಂದು ಕಡೆಯವರು. ಅವರ ಮಾತಲ್ಲಿ ಸತ್ಯವಿದೆ. ಧಾರಾವಿಯ ಒಂದು ಗಲ್ಲಿಯ ಬದುಕನ್ನೋ, ಮುಚ್ಚಿದ ಗಿರಣಿಯ ಕಾರ್ಮಿಕರನ್ನೋ ಕುರಿತು ಬರೆಯುವಾಗ ಸಾರಾಂಶದಿಂದ ಶುರು ಮಾಡಿದರೆ ಬರಹ ಸತ್ತುಹೋಗುತ್ತದೆ. ಅಂಥದ್ದು ಕಾಗದದ ಜಾತಿಯದು. ನಿಧಾನವಾಗಿ ಬಿಚ್ಚಿಕೊಳ್ಳಲಿ. ನಡುದಾರಿಯೂ ಇದೆ: ಮೇಲೆ ಮೂರ್ನಾಲ್ಕು ಸಾಲಲ್ಲಿ ಸುದ್ದಿ ಹೇಳಿ, ಒಂದು ತಿರುವು ಕೊಟ್ಟು, ಆಮೇಲೆ ನಡೆದದ್ದನ್ನು ಮೊದಲಿನಿಂದ ಕತೆಯ ಹಾಗೆ ಹೇಳುವುದು. ಮರಳು ಗಡಿಯಾರದ ಆಕಾರ ಅಂತ ಇದಕ್ಕೆ ಹೆಸರು. ಅಪಘಾತ, ರಕ್ಷಣಾ ಕಾರ್ಯಾಚರಣೆ, ನ್ಯಾಯಾಲಯದ ಕಲಾಪಕ್ಕೆ ಇದು ಚೆನ್ನಾಗಿ ಒಗ್ಗುತ್ತದೆ.

ಅಧಿಕಾರಿಗಳ ಕಡೆಯ ವಾದ ಬೇರೆ. ಹಿನ್ನೆಲೆ ಕೊಡದೆ 'ಹಣ ತೆಗೆಯುವಂತಿಲ್ಲ' ಎಂದು ಥಟ್ಟನೆ ಹೇಳಿದರೆ ಜನ ಗಾಬರಿಯಾಗುತ್ತಾರೆ ಎಂಬುದು. ಆದರೆ ಹಿಂದಿನ ಅನುಭವ ಹೇಳುವುದು ಇದಕ್ಕೆ ವಿರುದ್ಧ. ಜನ ಗಾಬರಿಯಾಗುವುದು ಅರ್ಧ ಉತ್ತರ ಸಿಕ್ಕಾಗ. ಹಣ ತೆಗೆಯುವಂತಿಲ್ಲ ಎಂಬುದರ ಪಕ್ಕದಲ್ಲೇ ವಿಮೆ ಎಷ್ಟು ಎಂಬುದೂ ಇದ್ದರೆ, ಕೆಟ್ಟ ಸುದ್ದಿ ಮತ್ತು ಅದರ ಅಳತೆ ಎರಡೂ ಒಟ್ಟಿಗೆ ಸಿಗುತ್ತವೆ. ಮುಖ್ಯವಾದದ್ದು ಅಂದರೆ ಹೆದರಿಸುವಂಥದ್ದು ಅಂತ ಅರ್ಥವಲ್ಲ. ನಮ್ಮ ಟಿವಿ ವಾಹಿನಿಗಳ ಬ್ರೇಕಿಂಗ್ ಪಟ್ಟಿಯಲ್ಲಿ ಈ ಎರಡೂ ಒಂದೇ ಆಗಿಹೋಗಿರುವುದು ನಿಜವಾಗಿ ಬೇಸರದ ಸಂಗತಿ.

ಮೂರನೆಯದು ದುಡ್ಡಿನ ಲೆಕ್ಕ. ವೆಬ್‌ಸೈಟಿನಲ್ಲಿ ಜಾಹೀರಾತು ಪ್ಯಾರಾಗಳ ನಡುವೆ ಕೂತಿರುತ್ತದೆ. ಓದುಗರು ಕೆಳಗೆ ಇಳಿದಷ್ಟೂ ಹಣ. ಹೀಗಿರುವಾಗ ಮೊದಲ ಸಾಲಲ್ಲೇ ಉತ್ತರ ಕೊಟ್ಟರೆ ಓದುಗರು ಅಲ್ಲಿಂದಲೇ ಹೊರಟುಬಿಡುತ್ತಾರೆ. ಆದ್ದರಿಂದ 'ಮುಂಬೈಯ ಈ ಬ್ಯಾಂಕಿನಲ್ಲಿ ನಿಮ್ಮ ಖಾತೆ ಇದೆಯಾ? ಹಾಗಿದ್ದರೆ ಓದಿ' ಎಂಬಂಥ ಶೀರ್ಷಿಕೆ ಹುಟ್ಟುತ್ತದೆ. ಬ್ಯಾಂಕಿನ ಹೆಸರು ಐದನೇ ಪ್ಯಾರಾದಲ್ಲಿ. ಬೇರೆ ಬೇರೆ ಬ್ಯಾಂಕಿನಲ್ಲಿ ಹಣ ಇಟ್ಟ ಸಾವಿರಾರು ಜನ ಅಷ್ಟು ಹೊತ್ತು ಎದೆ ಹಿಡಿದುಕೊಂಡು ಕೆಳಗೆ ಇಳಿಯಬೇಕು. ಪತ್ರಿಕೆ ನಡೆಸುವುದು ಕಷ್ಟ, ಸಂಬಳ ಕೊಡಬೇಕು, ಅದೆಲ್ಲ ಒಪ್ಪೋಣ. ಸಿನಿಮಾ ಸುದ್ದಿಗೆ ಈ ಆಟ ಆಡಿದರೆ ಯಾರಿಗೂ ನಷ್ಟವಿಲ್ಲ. ಜನರ ಉಳಿತಾಯ, ಆರೋಗ್ಯ, ಮಳೆಯ ಎಚ್ಚರಿಕೆಯ ವಿಷಯದಲ್ಲಿ ಇದು ಕ್ರೌರ್ಯ.

ಸಂಘದ ವರದಿ

ಮುಂಬೈ ಕನ್ನಡ ಪತ್ರಿಕೆಗಳಲ್ಲಿ ಸಂಘ ಸಂಸ್ಥೆಗಳ ಸುದ್ದಿಗೆ ದೊಡ್ಡ ಜಾಗ ಇದೆ. ಇಲ್ಲಿನ ಕನ್ನಡ ಬದುಕು ನಿಂತಿರುವುದೇ ಸಂಘಗಳ ಮೇಲೆ, ಹಾಗಾಗಿ ಅದು ಸರಿಯಾದದ್ದೇ. ಆದರೆ ವರದಿಯ ಅಚ್ಚು ಹೀಗಿರುತ್ತದೆ: ಅಧ್ಯಕ್ಷತೆ ವಹಿಸಿದವರು, ದೀಪ ಬೆಳಗಿದವರು, ಮುಖ್ಯ ಅತಿಥಿ, ಗೌರವ ಅತಿಥಿ, ಸ್ವಾಗತಿಸಿದವರು, ಪ್ರಾರ್ಥನೆ ಹಾಡಿದವರು, ನಿರೂಪಿಸಿದವರು, ವಂದಿಸಿದವರು. ಇದರ ನಡುವೆ ಎಲ್ಲೋ ಒಂದು ಸಾಲು: ಬಡ ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನ ಕೊಡಲಾಗುವುದು, ಅರ್ಜಿ ಸಲ್ಲಿಸಲು ಈ ತಿಂಗಳ ಕೊನೆಯ ದಿನ.

ಹೆಸರು ಹಾಕುವುದು ಗೌರವದ ವಿಷಯ. ದುಡಿದವರ ಹೆಸರು ಅಚ್ಚಾಗಬೇಕು, ಅದನ್ನು ನೋಡಲೆಂದೇ ಪತ್ರಿಕೆ ಕೊಳ್ಳುವವರೂ ಇದ್ದಾರೆ, ಸಣ್ಣ ಪತ್ರಿಕೆ ಉಳಿಯುವುದು ಅವರಿಂದಲೇ. ಈ ವಾದವನ್ನು ತಳ್ಳಿಹಾಕುವಂತಿಲ್ಲ. ಆದರೆ ಆ ವಿದ್ಯಾರ್ಥಿವೇತನ ಯಾರಿಗಾಗಿ ಇದೆಯೋ ಆ ಮಗುವಿನ ತಾಯಿ ಕಾರ್ಯಕ್ರಮಕ್ಕೆ ಬಂದಿರುವುದಿಲ್ಲ. ಅವರ ಹೆಸರು ಆ ಪಟ್ಟಿಯಲ್ಲಿ ಇರುವುದಿಲ್ಲ. ಕೆಲಸದ ನಡುವೆ ಪತ್ರಿಕೆಯ ಮೇಲೆ ಕಣ್ಣಾಡಿಸಿದರೆ ಅವರಿಗೆ ಕಾಣುವುದು ಮೊದಲ ಎರಡು ಸಾಲು. ಅರ್ಜಿಯ ದಿನಾಂಕ ಅಲ್ಲಿರಲಿ. ಹೆಸರುಗಳೆಲ್ಲ ಅದರ ಕೆಳಗೆ, ಒಂದೂ ಬಿಡದೆ ಬರಲಿ. ಇದರಿಂದ ಯಾರ ಗೌರವವೂ ಕಡಿಮೆಯಾಗುವುದಿಲ್ಲ.

ಮುಖ್ಯ ಯಾವುದು ಎಂಬುದು ಓದುಗರು ಎಲ್ಲಿ ನಿಂತಿದ್ದಾರೆ ಎಂಬುದರ ಮೇಲೂ ಇದೆ. ಕೊಂಕಣ ರೈಲ್ವೆಯ ಮಳೆಗಾಲದ ವೇಳಾಪಟ್ಟಿ ಇದಕ್ಕೆ ಒಳ್ಳೆಯ ಉದಾಹರಣೆ. ಗುಡ್ಡ ಕುಸಿಯುವ ಭಯದಿಂದ ಪ್ರತಿವರ್ಷ ಮಳೆಗಾಲದಲ್ಲಿ ರೈಲಿನ ವೇಗ ಇಳಿಸುತ್ತಾರೆ, ಭಾರಿ ಮಳೆ ಬಂದರೆ ಗಂಟೆಗೆ 40 ಕಿ.ಮೀ. ಮೀರಬಾರದು. ಮೊದಲೆಲ್ಲ ಇದು ಜೂನ್ 10ರಿಂದ ಅಕ್ಟೋಬರ್ 31ರವರೆಗೆ ಇರುತ್ತಿತ್ತು, 2025ರಲ್ಲಿ ಜೂನ್ 15ರಿಂದ ಅಕ್ಟೋಬರ್ 20ಕ್ಕೆ ಇಳಿಯಿತು. ಮುಂಬೈ ಆವೃತ್ತಿಯಲ್ಲಿ ಮೊದಲ ಸಾಲು ಕುರ್ಲಾದಿಂದ ರೈಲು ಹೊರಡುವ ಹೊತ್ತಿನ ಬಗ್ಗೆ ಇರಬೇಕು, ಉಡುಪಿಯ ಆವೃತ್ತಿಯಲ್ಲಿ ಉಡುಪಿಯ ಹೊತ್ತು. ಒಂದೇ ಪ್ರಕಟಣೆ, ಎರಡು ಇಂಟ್ರೋ (ಸುದ್ದಿಯ ಆರಂಭದ ಸಾಲು). ವೇಗದ ಮಿತಿ, ಗಸ್ತು ತಿರುಗುವ ಸಿಬ್ಬಂದಿಯ ವಿವರ ಎರಡರಲ್ಲೂ ಕೆಳಗೆ.

ಮುಂದೆ ಏನಾಗುತ್ತದೆ

ಇನ್ನು ಮುಂದೆ ಮೊದಲ ಸಾಲುಗಳ ಭಾರ ಹೆಚ್ಚುತ್ತಲೇ ಹೋಗುತ್ತದೆ. ಗೂಗಲ್ 2024ರ ಆಗಸ್ಟಿನಿಂದ ಭಾರತದಲ್ಲೂ ಹುಡುಕಾಟದ ಪುಟದ ಮೇಲ್ಭಾಗದಲ್ಲೇ ಯಂತ್ರ ಬರೆದ ಸಾರಾಂಶ ತೋರಿಸಲು ಶುರು ಮಾಡಿದೆ. ಉತ್ತರ ಅಲ್ಲೇ ಸಿಕ್ಕರೆ ಮೂಲ ಸುದ್ದಿಗೆ ಬರುವವರು ಕಡಿಮೆಯಾಗುತ್ತಾರೆ. ಆಗ ಪತ್ರಿಕೆಗಳ ಮುಂದೆ ಎರಡು ದಾರಿ. ಉತ್ತರವನ್ನು ಇನ್ನಷ್ಟು ಒಳಗೆ ಬಚ್ಚಿಡುವುದು ಒಂದು. ಅದರಿಂದ ಇವತ್ತಿನ ಮಟ್ಟಿಗೆ ಕ್ಲಿಕ್ ಸಿಗಬಹುದು, ಆದರೆ ನಾಲ್ಕು ಸಲ ಮೋಸಹೋದ ಓದುಗರು ಐದನೇ ಸಲ ಬರುವುದಿಲ್ಲ. ಮೊದಲ ಸಾಲಲ್ಲೇ ಸರಿಯಾದ ಉತ್ತರ ಕೊಟ್ಟು, ಕೆಳಗೆ ಯಂತ್ರಕ್ಕೆ ಸಿಗದ ವಿವರ ಕೊಡುವುದು ಇನ್ನೊಂದು. ಇದಕ್ಕೆ ಕೆಲಸ ಜಾಸ್ತಿ. ವರದಿಗಾರರು ಶಾಖೆಗೆ ಹೋಗಬೇಕು, ಖಾತೆದಾರರ ಪ್ರಶ್ನೆ ಕೇಳಿಸಿಕೊಳ್ಳಬೇಕು, ವಿಮೆಯ ಅರ್ಜಿ ಎಲ್ಲಿ ಸಿಗುತ್ತದೆ ಎಂದು ವಿಚಾರಿಸಬೇಕು.

ಸಣ್ಣ ಡೆಸ್ಕುಗಳಿಗೆ ಇದು ಸುಲಭವಲ್ಲ. ಮುಂಬೈಯ ಕನ್ನಡ ಡೆಸ್ಕಿಗೆ ಬರುವ ಪ್ರೆಸ್ ನೋಟ್ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ರಾತ್ರಿ ಪುಟ ಕಟ್ಟುವ ಗಡಿಬಿಡಿಯಲ್ಲಿ ಅನುವಾದ ಮಾಡಿ ಮುಗಿಸುವುದೇ ದೊಡ್ಡ ಮಾತು, ಮತ್ತೆ ಕ್ರಮ ಬದಲಿಸಿ ಬರೆಯಲು ಹೊತ್ತೆಲ್ಲಿ? ಇಲ್ಲಿ ನೆರವಾಗುವ ಒಂದು ಅಭ್ಯಾಸವಿದೆ. ಅನುವಾದ ಶುರು ಮಾಡುವ ಮೊದಲು ಪ್ರೆಸ್ ನೋಟನ್ನು ಒಮ್ಮೆ ಪೂರ್ತಿ ಓದಿ ಪಕ್ಕಕ್ಕಿಡುವುದು. 'ಏನಂತೆ?' ಅಂತ ಪಕ್ಕದ ಮೇಜಿನವರು ಕೇಳಿದರೆ ಬಾಯಲ್ಲಿ ಏನು ಹೇಳುತ್ತೀರೋ ಅದೇ ಮೊದಲ ಸಾಲು. ಯಾರೂ ಬಾಯಲ್ಲಿ 'ಸೆಕ್ಷನ್ 35ಎ ಅಡಿಯಲ್ಲಿ' ಎಂದು ಶುರು ಮಾಡುವುದಿಲ್ಲ. 'ದುಡ್ಡು ತೆಗೆಯೋ ಹಾಗಿಲ್ಲವಂತೆ, 5 ಲಕ್ಷದವರೆಗೆ ವಿಮೆ ಇದೆಯಂತೆ' ಅನ್ನುತ್ತಾರೆ. ಆ 'ಅಂತೆ' ತೆಗೆದು, ರಿಸರ್ವ್ ಬ್ಯಾಂಕಿನ ಹೆಸರು ಸೇರಿಸಿ, ಅಂಕಿಯನ್ನು ಇನ್ನೊಮ್ಮೆ ಪ್ರಕಟಣೆಯ ಜೊತೆ ತಾಳೆ ನೋಡಿದರೆ ಪುಟಕ್ಕೆ ಹಾಕಬಹುದು. ಮರುದಿನ ಬೆಳಿಗ್ಗೆ ಆರು ಗಂಟೆಗೆ ಕಲ್ಯಾಣ್ ಲೋಕಲ್‌ನಲ್ಲಿ ನಿಂತುಕೊಂಡೇ ಮೊಬೈಲ್ ನೋಡುವ ಖಾತೆದಾರರಿಗೆ ಠಾಣೆ ಬರುವುದರೊಳಗೆ ಅಷ್ಟು ತಿಳಿದಿರುತ್ತದೆ.